ಮಂಗಳವಾರದ ತಲೆ

ತಮ್ಮಯ್ಯನ ಬಲಗೈ ಮೊದಲು ನಡುಗಿದ್ದು ಕೆಲಸ ಮಾಡುವಾಗಲ್ಲ, ಕೆಲಸವಿಲ್ಲದಾಗ. ತೊಂಬತ್ತೈದರ ಚಳಿಗಾಲದ ಒಂದು ಬೆಳಿಗ್ಗೆ, ಪಾಂಡವಪುರದ ತನ್ನ ಕಟಿಂಗ್ ಶಾಪಿನಲ್ಲಿ ಅವನು ಪೇಪರನ್ನು ತೊಡೆಯ ಮೇಲೆ ಹರವಿಕೊಂಡು ಗಿರಾಕಿಗಾಗಿ ಕಾಯುತ್ತಿದ್ದ. ಹಾಳೆ ಸರಸರ ಅಂದಿತು. ಫ್ಯಾನಿನ ಗಾಳಿಯಿರಬೇಕೆಂದು ತಲೆಯೆತ್ತಿದ. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಮತ್ತೆ ಕೆಳಗೆ ನೋಡಿದಾಗ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಳ್ಳುತ್ತ, ಕಾಣದ ಬೀಡಿಯೊಂದನ್ನು ಸುತ್ತುತ್ತಿರುವಂತೆ ಅಲ್ಲಾಡುತ್ತಿದ್ದವು. ಎಡಗೈಯಿಂದ ಅದುಮಿ ಹಿಡಿದ. ನಿಂತಿತು. ಬಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಅವನಿಗೆ ಆಗ ಐವತ್ತಮೂರು. ಮೂವತ್ತೈದು ವರ್ಷ ಅದೇ ಕೈ ದುಡಿದು ಹಾಕಿತ್ತು. ಸಕ್ಕರೆ ಕಾರ್ಖಾನೆಯ ಕೆಲಸಗಾರರು, ಸಂತೆಗೆ ಬಂದ ರೈತರು, ಶಾಲೆಯ ಮೇಷ್ಟ್ರುಗಳು ಅವನ ಕುರ್ಚಿಯಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಒರಗಿಸಿ, ಗಂಟಲು ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಕೆಲವರು ನಿದ್ದೆಯನ್ನೇ ಮಾಡಿಬಿಡುತ್ತಿದ್ದರು. ತನ್ನ ಆಸ್ತಿಯೆಂದರೆ ಆ ಮುಚ್ಚಿದ ಕಣ್ಣುಗಳೇ ಹೊರತು ಕುರ್ಚಿಯೂ ಅಲ್ಲ, ಕನ್ನಡಿಯೂ ಅಲ್ಲ ಎಂದು ತಮ್ಮಯ್ಯನಿಗೆ ಗೊತ್ತಿತ್ತು. ಕೈ ನಡುಗುವ ಸುದ್ದಿ ಒಂದು ಸಲ ಊರಿನ ಬಾಯಿಗೆ ಬಿದ್ದರೆ ಅವು ಮತ್ತೆ ಮುಚ್ಚುವುದಿಲ್ಲ.

ಹಾಗಾಗಿ ಅವನು ಕೈಗೆ ಬಿಡುವು ಕೊಡುವುದನ್ನೇ ನಿಲ್ಲಿಸಿದ. ಮಾತಾಡುವಾಗ ಬಾಚಣಿಗೆ ಹಿಡಿದುಕೊಳ್ಳುತ್ತಿದ್ದ. ಕತ್ತರಿ ಕೆಳಗಿಟ್ಟ ಕೂಡಲೇ ಗಿರಾಕಿಯ ಭುಜದ ಮೇಲೆ ಕೈಯೂರುತ್ತಿದ್ದ. ಕಾಯುವ ಹೊತ್ತಿನಲ್ಲಿ ಅದನ್ನು ಟವೆಲಿನೊಳಗೆ ಸುತ್ತಿಡುತ್ತಿದ್ದ. ಹೆಂಡತಿ ಮಂಚಮ್ಮನಿಗೆ ಮಾತ್ರ ತಿಳಿದಿತ್ತು. ಅವಳು ಊಟಕ್ಕೆ ಬಡಿಸುವಾಗ ಅವನ ಲೋಟಕ್ಕೆ ಮುಕ್ಕಾಲು ಮಾತ್ರ ನೀರು ಹಾಕತೊಡಗಿದ್ದಳು. ಆ ಬಗ್ಗೆ ಅವಳೂ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಇಷ್ಟಾದರೂ ಬೇಸಿಗೆಯ ಒಂದು ದಿನ ಕಾರ್ಖಾನೆಯ ಫಿಟ್ಟರೊಬ್ಬ ಕನ್ನಡಿಯಲ್ಲಿ ನೋಡಿ, ಯಾಕೆ ತಮ್ಮಯ್ಯ, ಕೈ ಅಲ್ಲಾಡ್ತಾ ಅದಲ್ಲ, ಎಂದು ಕೇಳಿದ್ದ. ಟೀ ಕುಡಿದಿಲ್ಲ ಎಂದು ತಮ್ಮಯ್ಯ ನಕ್ಕಿದ್ದ. ಹದಿನೈದು ದಿನ ಬಿಟ್ಟು ಅದೇ ಫಿಟ್ಟರು ಎದುರು ಬೀದಿಯ ಅಂಗಡಿಯಿಂದ ಗಡ್ಡ ಬೋಳಿಸಿಕೊಂಡು ಇಳಿಯುವುದನ್ನು ಕಂಡ.

ಅದಾದ ತಿಂಗಳಿಗೆ ರಘುನಂದನ್ ಬಂದ.

ರಘುನಂದನ್ ಕೃಷ್ಣರಾಜಪೇಟೆಯವನು, ಮದುವೆಗಳ ವಿಡಿಯೋ ತೆಗೆಯುವ ಹುಡುಗ. ಮನೆ ಕಡೆ ಗದ್ದೆ ತೋಟ ಇತ್ತು, ಅವನಿಗೆ ಕ್ಯಾಮೆರಾ ಹುಚ್ಚಿತ್ತು. ಅದು ಆಷಾಢ. ಮದುವೆಗಳಿಲ್ಲದ ತಿಂಗಳು, ಕ್ಯಾಮೆರಾವೂ ಖಾಲಿ, ಕಲ್ಯಾಣಮಂಟಪವೂ ಖಾಲಿ. ಈ ಎರಡು ಖಾಲಿಗಳನ್ನು ಸೇರಿಸಿ ಅವನು ಒಂದು ಚಿತ್ರ ಮಾಡಲು ಹೊರಟಿದ್ದ. ನಾಲ್ಕು ತಾಲ್ಲೂಕಿನ ನಾಲ್ವರು ಕ್ಷೌರಿಕರ ನಡುವೆ ದೊಡ್ಡ ಪಂದ್ಯ ನಡೆಯುತ್ತದೆ, ಅದನ್ನು ಟೀವಿಯವರು ನಿಜವಾದ ಸುದ್ದಿ ಮಾಡುವ ಹಾಗೆ ಚಿತ್ರೀಕರಿಸಿ ಊರೂರಿನ ಕೇಬಲ್ಲಿನಲ್ಲಿ ಹಾಕುವುದು. ಪಂದ್ಯ ಸುಳ್ಳು, ಗೆದ್ದವನಿಗೆ ಕೊಡುವ ಕಪ್ಪೂ ಪ್ಲಾಸ್ಟಿಕ್ಕಿನದು, ಆದರೆ ಯಾರೂ ನಗಕೂಡದು.

"ನೀವೆಷ್ಟು ಸೀರಿಯಸ್ಸಾಗಿರ್ತೀರೋ ನೋಡೋರು ಅಷ್ಟು ನಗ್ತಾರೆ ತಮ್ಮಯ್ಯಣ್ಣ," ಎಂದು ಅವನು ಬಿಡಿಸಿ ಹೇಳಿದ. "ಅದೇ ಇದ್ರ ಮಜಾ."

ತಮ್ಮಯ್ಯನಿಗೆ ಮಜಾ ಅರ್ಥವಾಗಲಿಲ್ಲ. ಅರ್ಥವಾದದ್ದು ಬೇರೆ. ನಾಲ್ಕು ತಾಲ್ಲೂಕಿನ ಜನ ತನ್ನ ಕೈ ಕೆಲಸ ಮಾಡುವುದನ್ನು ಟೀವಿಯಲ್ಲಿ ನೋಡುತ್ತಾರೆ. ಆಮೇಲೆ ಆ ಫಿಟ್ಟರು ಏನು ಹೇಳಿದರೂ ನಂಬುವವರಿರುವುದಿಲ್ಲ. ಶೂಟಿಂಗು ಮುಗಿಯುವ ತನಕ ಕೈಯನ್ನು ಕೆಲಸದಲ್ಲೇ ಇಟ್ಟರಾಯಿತು. ಆಗಲಿ ಎಂದುಬಿಟ್ಟ.

ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ, ಆದ್ದರಿಂದ ಶೂಟಿಂಗೂ ಮಂಗಳವಾರವೇ ಆಗಬೇಕಾಯಿತು. ಅಲ್ಲಿಂದಲೇ ತೊಂದರೆ ಹುಟ್ಟಿತು. ಕೆಲಸ ಮಾಡಲು ನಾಲ್ವರು ಸಿಕ್ಕರು, ಕೆಲಸ ಮಾಡಿಸಿಕೊಳ್ಳಲು ತಲೆಗಳು ಸಿಗಲಿಲ್ಲ. ಮಂಗಳವಾರ ತಲೆ ಬೋಳಿಸುವುದು ಸಾವಿನ ಮನೆಯವರಿಗೆ ಮಾತ್ರ. ತಮ್ಮಯ್ಯನ ಅಪ್ಪ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಬೂದಿ ಬಿಡಲು ಬಂದವರ ತಲೆ ಬೋಳಿಸುತ್ತಿದ್ದವನು. ಮಂಗಳವಾರ ಬದುಕಿದ್ದವರ ಮನೆಯಿಂದ ಯಾರಾದರೂ ಕರೆದರೆ ಅವನು ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ಕೊನೆಗೆ ರಘುನಂದನ್ ಸುತ್ತಲ ಊರೆಲ್ಲ ಅಲೆದು ನಾಲ್ವರನ್ನು ಒಪ್ಪಿಸಿದ. ತಮ್ಮಯ್ಯನ ಪಾಲಿಗೆ ಬಂದವನು ಸಿಂಧಘಟ್ಟದ ಚಿಕ್ಕಸ್ವಾಮಿ, ಐವತ್ತರ ಆಸುಪಾಸಿನ ರೈತ, ದಟ್ಟ ಕೂದಲಿನವನು, ಟೀವಿಯಲ್ಲಿ ಬರುವ ಆಸೆಗೆ ತಲೆ ಕೊಟ್ಟವನು. ತಾಯಿಗೆ ಹೇಳಿ ಬಂದಿದ್ದೀಯಾ ಎಂದು ತಮ್ಮಯ್ಯ ಕೇಳಿದ. ಹೇಳಿದ್ದರೆ ಬರಲು ಬಿಡುತ್ತಿದ್ದಳಾ ಎಂದು ಚಿಕ್ಕಸ್ವಾಮಿ ಕೇಳಿದ.

ಕಲ್ಯಾಣಮಂಟಪದ ವೇದಿಕೆಯ ಮೇಲೆ, ಮದುಮಕ್ಕಳ ಕೆಂಪು ಕುರ್ಚಿಗಳ ಜಾಗದಲ್ಲಿ ನಾಲ್ಕು ಮರದ ಕುರ್ಚಿಗಳನ್ನು ಹಾಕಿದ್ದರು. ಹಿಂದಿನ ಗೋಡೆಯಲ್ಲಿ ಯಾವುದೋ ಮದುವೆಯ ಥರ್ಮೋಕೋಲ್ ಅಕ್ಷರಗಳು ಅರ್ಧ ಉಳಿದಿದ್ದವು. ಅದರ ಮೇಲೆ ಬಟ್ಟೆ ಕಟ್ಟಿ 'ನಾಲ್ಕು ತಾಲ್ಲೂಕಿನ ಕತ್ತರಿ' ಎಂದು ಬರೆಸಿದ್ದರು. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಗುಮಾಸ್ತರೊಬ್ಬರು ಶಾಲೆಯ ಮಕ್ಕಳ ಸ್ಕೇಲು ಹಿಡಿದು ಎಲ್ಲರ ಕಿವಿಯ ಪಕ್ಕದ ಕೂದಲನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಮೊದಲು ಸಂದರ್ಶನ. ಕೃಷ್ಣರಾಜಪೇಟೆಯ ನಾಗರಾಜು ತಾನು ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಿಪ್ಪೆ ತೆಗೆಯದ ತೆಂಗಿನಕಾಯಿಯ ಮೇಲೆ ಅಭ್ಯಾಸ ಮಾಡುವುದಾಗಿ ಹೇಳಿದ. ನಾಗಮಂಗಲದವನು ಪಂದ್ಯದ ಹಿಂದಿನ ವಾರ ಮಾಂಸ ಮುಟ್ಟುವುದಿಲ್ಲವೆಂದ. ಶ್ರೀರಂಗಪಟ್ಟಣದವನು ಸೋತರೆ ಕತ್ತರಿಯನ್ನು ಕಾವೇರಿಗೆ ಬಿಡುವುದಾಗಿ ಶಪಥ ಮಾಡಿದ. ಎಲ್ಲರೂ ಕಟ್ಟಿ ಹೇಳಿದ ಮಾತುಗಳೇ. ತಮ್ಮಯ್ಯನ ಸರದಿ ಬಂದಾಗ ಅವನಿಗೆ ಕಟ್ಟಲು ಏನೂ ಹೊಳೆಯದೆ ಇದ್ದದ್ದನ್ನೇ ಹೇಳಿದ. ತಲೆ ಯಾರದೂ ದುಂಡಗಿರುವುದಿಲ್ಲ. ಒಬ್ಬೊಬ್ಬರದು ಒಂದೊಂದು ಕಡೆ ತಗ್ಗು, ಒಂದೊಂದು ಕಡೆ ದಿಬ್ಬ. ಮೊದಲು ಎಡಗೈ ಬೆರಳಲ್ಲಿ ಮುಟ್ಟಿ ದಾರಿ ನೋಡಿಕೊಳ್ಳಬೇಕು. ಕತ್ತಿ ಎಡಗೈ ಹೋದ ದಾರಿಯಲ್ಲಿ ಹಿಂದೆ ಹೋಗಬೇಕು, ತಾನಾಗಿ ಮುಂದೆ ಹೋಗಬಾರದು. ಅಪ್ಪ ಹಾಗೆ ಕಲಿಸಿದ್ದ. ರಘುನಂದನ್ ಕ್ಯಾಮೆರಾದ ಹಿಂದಿನಿಂದ ಸಂತೋಷದಲ್ಲಿ ಹೆಬ್ಬೆರಳು ತೋರಿಸಿದ. ಇದರಲ್ಲಿ ನಗುವುದೇನಿದೆಯೆಂದು ತಮ್ಮಯ್ಯನಿಗೆ ತಿಳಿಯಲಿಲ್ಲ.

ಕೊನೆಯ ದೃಶ್ಯವನ್ನು ರಘುನಂದನ್ ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದ. ಹತ್ತು ನಿಮಿಷದಲ್ಲಿ ತಲೆ ಬೋಳಿಸಿ ಮುಗಿಸಬೇಕೆಂದು ಹೇಳಿರುತ್ತಾರೆ, ಆದರೆ ತೀರ್ಪುಗಾರ ಗಡಿಯಾರ ತಪ್ಪು ನೋಡಿ ಐದೇ ನಿಮಿಷಕ್ಕೆ ಗಂಟೆ ಹೊಡೆಯುತ್ತಾನೆ. ನಾಲ್ವರೂ ಕತ್ತಿ ಬಿಸಾಡಿ ಕಪ್ಪಿನ ಕಡೆ ಓಡುತ್ತಾರೆ. ಅರ್ಧ ಬೋಳಾದ ನಾಲ್ಕು ತಲೆಗಳು ಕುರ್ಚಿಯಲ್ಲೇ ಕೂತು ಒಂದನ್ನೊಂದು ನೋಡುತ್ತವೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

"ಅರ್ಧಕ್ಕೇ ಬುಟ್ಟಾ?" ಎಂದ ತಮ್ಮಯ್ಯ.

"ಊಟ ಆದ್ಮೇಲೆ ಮುಗಿಸ್ಕೊಡೋರಂತೆ ಬುಡಣ್ಣ," ಎಂದ ರಘುನಂದನ್. ಉಳಿದ ಮೂವರೂ ತಲೆಯಾಡಿಸಿದರು. ತಮ್ಮಯ್ಯನೂ ಆಡಿಸಿದ.

ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಎಲ್ಲರಿಗೂ ಹಳೆಯ ಕಾಲದ ಕತ್ತಿ ತರಲು ಹೇಳಿದ್ದರು. ತಮ್ಮಯ್ಯ ತಂದದ್ದು ಅಪ್ಪನದು. ಅಂಗಡಿಯಲ್ಲಿ ಈಗ ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕುವ ಹಿಡಿ ಬಂದು, ಈ ಕತ್ತಿ ನಾಲ್ಕೈದು ವರ್ಷದಿಂದ ಪೆಟ್ಟಿಗೆಯಲ್ಲೇ ಇತ್ತು. ಹಿಂದಿನ ದಿನ ಮಂಚಮ್ಮ ಕೊಬ್ಬರಿ ಎಣ್ಣೆ ಒರೆಸಿ ಕೊಟ್ಟಿದ್ದಳು.

ಗಂಟೆ ಹೊಡೆಯಿತು. ತಮ್ಮಯ್ಯ ಚಿಕ್ಕಸ್ವಾಮಿಯ ತಲೆ ನೆನೆಸಿ, ಎಡಗೈಯಲ್ಲಿ ಮುಟ್ಟಿ ನೋಡಿ, ನೆತ್ತಿಯಿಂದ ಬಲಗಡೆಗೆ ಇಳಿಯತೊಡಗಿದ. ಕೈ ಮಾತು ಕೇಳಿತು. ಬಲಭಾಗ ಮುಗಿದು ನೆತ್ತಿಯ ಗೆರೆಗೆ ಬರುವ ಹೊತ್ತಿಗೆ ಎರಡನೆಯ ಗಂಟೆಯಾಯಿತು. ಕತ್ತಿಗಳು ತಟ್ಟೆಗೆ ಬಿದ್ದ ಸದ್ದು, ಹಲಗೆಯ ಮೇಲೆ ಓಡುವ ಕಾಲುಗಳ ಸದ್ದು. ನಾಗರಾಜು ನಾಗಮಂಗಲದವನ ಅಂಗಿ ಹಿಡಿದು ಎಳೆದ. ಕಪ್ಪು ಉರುಳಿತು.

ತಮ್ಮಯ್ಯ ನಿಂತೇ ಇದ್ದ. ಓಡಬೇಕೆಂದು ಅವನಿಗೆ ನೆನಪಿರಲಿಲ್ಲವೆಂದಲ್ಲ. ಕಾಲು ಏಳಲಿಲ್ಲ. ಅಪ್ಪನ ಹತ್ತಿರ ಒಮ್ಮೆ ತಿಥಿಗೆ ಬಂದವನೊಬ್ಬ ಅರ್ಧ ತಲೆಯಲ್ಲಿ ಎದ್ದು, ಹೊಲದ ವಿಷಯಕ್ಕೆ ಅಣ್ಣನ ಜೊತೆ ಜಗಳ ತೆಗೆದು, ಬೈಯುತ್ತ ಹೊರಟುಬಿಟ್ಟಿದ್ದ. ಅಪ್ಪ ಒಂದು ಕೈಯಲ್ಲಿ ನೀರಿನ ಬಟ್ಟಲು, ಇನ್ನೊಂದರಲ್ಲಿ ಕತ್ತಿ ಹಿಡಿದು ಅವನ ಹಿಂದೆಯೇ ನಡೆದ. ರಸ್ತೆಯ ಹುಣಸೆ ಮರದ ಕೆಳಗೆ ಆ ಮನುಷ್ಯ ದಣಿದು ಕೂತಾಗ, ಉಳಿದ ಅರ್ಧವನ್ನು ಅಲ್ಲೇ ಮುಗಿಸಿ ಬಂದ. ಅಪ್ಪನ ಚೀಲ ಹೊತ್ತು ಜೊತೆಗಿದ್ದವನು ತಮ್ಮಯ್ಯ. ಅರ್ಧ ತಲೆ ಹೊತ್ತವನನ್ನು ಸತ್ತವರೂ ಗುರುತು ಹಿಡಿಯುವುದಿಲ್ಲ, ಬದುಕಿದವರೂ ಹಿಡಿಯುವುದಿಲ್ಲ ಎಂದು ದಾರಿಯಲ್ಲಿ ಅಪ್ಪ ಹೇಳಿದ್ದ. ಈಗ ಎದುರಿಗೆ ಚಿಕ್ಕಸ್ವಾಮಿ ಕೂತಿದ್ದ, ಒಂದು ಕಡೆ ಬೋಳು, ಒಂದು ಕಡೆ ಕಪ್ಪು ಕೂದಲು, ಅದೂ ಮಂಗಳವಾರ.

"ಓಡಣ್ಣೋ," ಎಂದು ಚಿಕ್ಕಸ್ವಾಮಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ಎಲ್ರೂ ಓಡೋದ್ರು."

"ತಲೆ ಅಲ್ಲಾಡಿಸ್ಬ್ಯಾಡ," ಎಂದ ತಮ್ಮಯ್ಯ.

ರಘುನಂದನ್ ಮೊದಲು ಕೈ ಬೀಸಿದ. ಆಮೇಲೆ ಬೀಸುವುದನ್ನು ನಿಲ್ಲಿಸಿ ಕ್ಯಾಮೆರಾ ಹೊತ್ತು ಹತ್ತಿರ ಬಂದ. ಲೈಟು ಹಿಡಿದವನೂ ಬಂದ. ಇಷ್ಟು ಹೊತ್ತು ನಾಲ್ವರ ಮೇಲೆ ಹಂಚಿದ್ದ ಬೆಳಕೆಲ್ಲ ಒಬ್ಬನ ಮೇಲೆ ಬಿತ್ತು. ಬೆಳಕಿನ ಕಾವಿಗೆ ಚಿಕ್ಕಸ್ವಾಮಿಗೆ ಸೀನು ಬರುವಂತಾಗಿ ಮೂಗು ಹಿಡಿದುಕೊಂಡ. ತಮ್ಮಯ್ಯ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ಕಾಯಬೇಕಾಯಿತು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಕೈ ಶುರುಮಾಡಿತು. ಹಿಂದಿನ ಬಿಳಿ ಬಟ್ಟೆಯ ಮೇಲೆ ಅದರ ನೆರಳು, ಕೈಗಿಂತ ನಾಲ್ಕು ಪಟ್ಟು ದೊಡ್ಡದಾಗಿ, ಮರದ ಕೊಂಬೆಯಂತೆ ಅಲ್ಲಾಡಿತು. ಸೀನು ಬಂತು, ಹೋಯಿತು. ತಮ್ಮಯ್ಯ ಕತ್ತಿಯನ್ನು ಮತ್ತೆ ತಲೆಗೆ ತಂದ. ಬಟ್ಟಲಲ್ಲಿ ಅದ್ದುವಾಗ, ಅಂಗೈ ಮೇಲೆ ಒರೆಸುವಾಗ, ಚಿಕ್ಕಸ್ವಾಮಿ ಕೆಮ್ಮಿದಾಗ, ಪ್ರತಿ ಸಲವೂ ನೆರಳು ಅಲ್ಲಾಡಿತು. ಅವನು ಆ ಕಡೆ ನೋಡಲಿಲ್ಲ. ತಲೆ ಪೂರ್ತಿ ಮುಗಿಸಿ, ಪಟಿಕ ಉಜ್ಜಿ, ಟವೆಲಿನಿಂದ ಒತ್ತಿ, "ಏಳಪ್ಪಾ," ಎಂದ.

ಎಲ್ಲ ಹಾಳಾಯಿತೆಂದುಕೊಂಡ. ಊಟದ ಹೊತ್ತಿನಲ್ಲಿ ರಘುನಂದನ್‌ನನ್ನು ಪಕ್ಕಕ್ಕೆ ಕರೆದು, ಆ ಕೊನೇದನ್ನು ತೆಗೆದುಹಾಕಿಬಿಡು ಎಂದು ಕೇಳಿಕೊಂಡ. ರಘುನಂದನ್ ಅವನ ಎರಡೂ ಕೈ ಹಿಡಿದುಕೊಂಡ.

"ತೆಗೀಬೇಕಾ? ಇಡೀ ಪಿಚ್ಚರ್‌ನಲ್ಲಿ ಅದೊಂದೇ ಇರೋದು ಕಣಣ್ಣ. ಏನ್ ಆಕ್ಟಿಂಗು! ಕೈ ನಡುಗಿಸ್ದೆ ನೋಡು, ಅದ ನಾನು ಹೇಳ್ಕೊಟ್ಟೂ ಇರ್ಲಿಲ್ಲ."

ತಮ್ಮಯ್ಯ ಅವನ ಮುಖ ನೋಡಿದ. ಹುಡುಗ ಕುಚೋದ್ಯ ಮಾಡುತ್ತಿರಲಿಲ್ಲ. ನಿಜವಾಗಿ ಹಾಗೆಂದೇ ನಂಬಿದ್ದ. ಸುಳ್ಳು ಪಂದ್ಯದಲ್ಲಿ ಎಲ್ಲವೂ ಸುಳ್ಳೇ ಆಗಿರುವಾಗ ಕೈಯೊಂದು ಹೇಗೆ ನಿಜವಾಗಿದ್ದೀತು?

"ಏನೋ, ಬಂತು ಅಂಗೆ," ಎಂದ ತಮ್ಮಯ್ಯ.

ಆಷಾಢದ ಕೊನೆಯ ಭಾನುವಾರ ಮಧ್ಯಾಹ್ನ ಚಿತ್ರವನ್ನು ಕೃಷ್ಣರಾಜಪೇಟೆಯ ಕೇಬಲ್ಲಿನಲ್ಲಿ ಹಾಕಿದರು. ಮುಂದಿನ ವಾರ ಪಾಂಡವಪುರಕ್ಕೆ ಬಂತು. ಜನ ನಕ್ಕು ಸುಸ್ತಾದರು. ಮೂವರು ಕಪ್ಪಿಗಾಗಿ ಹೊಡೆದಾಡುತ್ತಿರುವಾಗ, ಒಬ್ಬ ಮಾತ್ರ ಗಂಟೆಯೇ ಕೇಳಿಸದವನಂತೆ, ಹೆದರಿ ಗಡಗಡ ನಡುಗುತ್ತ ತಲೆ ಬೋಳಿಸುತ್ತಿದ್ದಾನೆ. ರಘುನಂದನ್ ಅದಕ್ಕೆ ತಮಟೆಯ ಸದ್ದು ಸೇರಿಸಿದ್ದ. ಕೈ ನಡುಗಿದಾಗಲೆಲ್ಲ ತಮಟೆ. ಸೋಮವಾರ ತಮ್ಮಯ್ಯ ಅಂಗಡಿಯ ಬಾಗಿಲು ತೆಗೆದಾಗ ಹೊರಗೆ ಆರು ಜನ ಕಾಯುತ್ತಿದ್ದರು.

ಆ ತಿಂಗಳು ಅಂಗಡಿ ತುಂಬಿತ್ತು. ಕಾರ್ಖಾನೆಯ ಪಾಳಿ ಬಿಟ್ಟವರು ಬೆಂಚಿನ ಮೇಲೆ ಸಾಲಾಗಿ ಕೂತು, "ಎಲ್ಲಿ, ನಡುಗ್ಸು ತಮ್ಮಯ್ಯ," ಎನ್ನುತ್ತಿದ್ದರು. ತಮ್ಮಯ್ಯ ಕೈಯನ್ನು ಟವೆಲಿನಿಂದ ತೆಗೆದು ಮುಂದೆ ಚಾಚಿ ಸುಮ್ಮನೆ ಬಿಡುತ್ತಿದ್ದ. ಅದು ತಾನಾಗಿ ನಡುಗುತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಎಂಟು ತಿಂಗಳಿಂದ ಮುಚ್ಚಿಟ್ಟ ಕೈಗೆ ಎಲ್ಲರೆದುರು ಬಿಡುವು ಸಿಕ್ಕಿದ್ದು ಆಗಲೇ. ಅದರ ಸುಖ ಎಷ್ಟಿತ್ತೆಂದರೆ ಮೊದಲ ದಿನ ತಮ್ಮಯ್ಯನಿಗೆ ಕಣ್ಣು ಒದ್ದೆಯಾಗಿತ್ತು. ಹಳೆಯ ಫಿಟ್ಟರೂ ವಾಪಸ್ಸು ಬಂದ. ಅವತ್ತಿಂದಲೇ ಪ್ರಾಕ್ಟೀಸ್ ಮಾಡ್ತಿದ್ದೆಯಾ ಕಳ್ಳ, ಎಂದು ಬೆನ್ನು ಚಪ್ಪರಿಸಿ, ಗಂಟಲು ಕೊಟ್ಟು, ಕಣ್ಣು ಮುಚ್ಚಿದ.

ಮಂಚಮ್ಮ ಮಾತ್ರ ಲೋಟಕ್ಕೆ ಮುಕ್ಕಾಲೇ ನೀರು ಹಾಕುತ್ತಿದ್ದಳು.

ಜಯರಾಮಯ್ಯ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಪ್ಪತ್ತು ವರ್ಷದಿಂದ ತಿಂಗಳಿಗೆ ಎರಡು ಬುಧವಾರ ತಪ್ಪದೆ ತಮ್ಮಯ್ಯನ ಕುರ್ಚಿಗೆ ಬರುತ್ತಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಅವರು ಹೇಳಿ ಕಳಿಸಿದರು. ಹೋಗಿ ನೋಡಿದರೆ ಪಡಸಾಲೆಯ ಟೀವಿಯಲ್ಲಿ ರಘುನಂದನ್‌ನಿಂದ ತರಿಸಿಕೊಂಡ ಆ ಚಿತ್ರದ ಕ್ಯಾಸೆಟ್ಟು. ಸದ್ದು ಪೂರ್ತಿ ಇಳಿಸಿದ್ದರು. ತಮಟೆಯಿಲ್ಲದೆ ನೋಡಿದಾಗ ಅದು ಬೇರೆಯದೇ ಆಗಿ ಕಂಡಿತು. ಒಬ್ಬ ವಯಸ್ಸಾದ ಕ್ಷೌರಿಕ, ಒಂದು ತಲೆ, ಅಷ್ಟೆ.

"ಇದು ಆಕ್ಟಿಂಗ್ ಅಲ್ಲ, ತಮ್ಮಯ್ಯ," ಎಂದರು ಮೇಷ್ಟ್ರು.

ತಮ್ಮಯ್ಯ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡ.

ಮೇಷ್ಟ್ರು ಚಿತ್ರವನ್ನು ನಿಲ್ಲಿಸಿ, ಬಿಟ್ಟು, ಹಿಂದಕ್ಕೆ ಓಡಿಸಿ ತೋರಿಸಿದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಲೆಕ್ಕಕ್ಕೆಂದು ಎರಡು ಸಾಲು ಗೆರೆ ಎಳೆದಿಟ್ಟಿದ್ದರು. ನಡುಗುವಂತೆ ನಟಿಸುವವನು ಕತ್ತಿ ತಲೆಯ ಮೇಲಿದ್ದಾಗ ನಡುಗಿಸುತ್ತಾನೆ, ಭಯ ಇರುವುದೂ ನಗು ಬರುವುದೂ ಅಲ್ಲೇ. ನಿನ್ನ ಕೈ ತಿರುಗಾಮುರುಗಾ ಮಾಡಿದೆ. ಗಂಟೆ ಹೊಡೆದ ಮೇಲೆ ಎಂಬತ್ತನಾಲ್ಕು ಸಲ ಕತ್ತಿ ಚರ್ಮಕ್ಕೆ ತಾಗಿದೆ, ಒಂದು ಸಲವೂ ಅಲ್ಲಾಡಿಲ್ಲ. ಗಾಳಿಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಕಾದಾಗೆಲ್ಲ ಅಲ್ಲಾಡಿದೆ. ಇದನ್ನು ಬೇಕೆಂದು ಮಾಡಲು ಯಾರಿಂದಲೂ ಆಗುವುದಿಲ್ಲ. ಇಷ್ಟನ್ನೂ ಅವರು ಪಾಠ ಹೇಳುವ ದನಿಯಲ್ಲೇ ಹೇಳಿದರು.

ತಮ್ಮಯ್ಯ ಆ ಹಾಳೆಯನ್ನು ನೋಡುತ್ತ ಕೂತ. ಒಂದು ಸಲವೂ ಇಲ್ಲ ಎಂಬುದು ಅವನಿಗೂ ಹೊಸದು. ಕೆಲಸ ಮಾಡುವಾಗ ಕಣ್ಣು ಚರ್ಮದ ಮೇಲಿರುತ್ತದೆ, ಕೈಯನ್ನು ನೋಡಿಕೊಳ್ಳುವವರಾರು? ಅಲ್ಲೂ ಸಣ್ಣಗೆ ನಡುಗುತ್ತಿರಬಹುದೆಂಬ ಗುಮಾನಿ ಅವನನ್ನು ಒಳಗೇ ಕೊರೆಯುತ್ತಿತ್ತು.

"ಮುಂದಕ್ಕೆ ಅಲ್ಲೂ ನಡುಗ್ತದಾ ಮೇಷ್ಟ್ರೇ?"

"ನಾನು ಡಾಕ್ಟರಲ್ಲ. ಮೈಸೂರಿಗೆ ಹೋಗಿ ತೋರಿಸು. ಇಂಥದ್ದು ನಿಧಾನಕ್ಕೆ ಹೆಚ್ಚಾಗತ್ತೆ ಅಂತ ಓದಿದೀನಿ. ಯಾವಾಗ ಅಂತ ಯಾರೂ ಹೇಳಕ್ಕಾಗಲ್ಲ." ಟೀವಿ ಆರಿಸಿ ಅಂದರು, "ನಾನು ಯಾರ ಹತ್ರವೂ ಹೇಳಲ್ಲ. ಹೇಳೋದು ಬಿಡೋದು ನಿಂದು."

ಮರುದಿನ ಬುಧವಾರ ಅವರು ಎಂದಿನ ಹೊತ್ತಿಗೆ ಬಂದರು. ಕೂತು, ತಲೆ ಒರಗಿಸಿ, ಕಣ್ಣು ಮುಚ್ಚಿದರು. ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತ ತಮ್ಮಯ್ಯ ಬ್ಲೇಡು ಬದಲಿಸಿದ. ಇವರು ಗೊತ್ತಿದ್ದು ಮುಚ್ಚಿದವರು. ಬೆಂಚಿನ ಮೇಲೆ ನಗುತ್ತ ಕೂತವರೆಲ್ಲ ಗೊತ್ತಿಲ್ಲದೆ ಮುಚ್ಚುವವರು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅಂದಿನಿಂದ ಯಾರಾದರೂ ನಡುಗಿಸು ಎಂದರೆ ಅವನಿಗೆ ಕೈ ಚಾಚುವುದು ಕಷ್ಟವಾಗತೊಡಗಿತು. ಮೈಸೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ಕೈಯನ್ನು ಸ್ವಲ್ಪ ಮಟ್ಟಿಗೆ ಹಿಡಿತಕ್ಕೆ ತಂದಿತು. ಅವರು ಹೇಳಿದ್ದೂ ಮೇಷ್ಟ್ರು ಹೇಳಿದ್ದನ್ನೇ. ತಮ್ಮಯ್ಯ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಅಪ್ಪನ ಕತ್ತಿಯಿಂದ ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವ ರೂಢಿ ಮಾಡಿಕೊಂಡ. ಒಂದು ಗೀರು ಬಿದ್ದ ದಿನ ಬಾಗಿಲು ತೆಗೆಯಬಾರದು. ಇದನ್ನು ಮಂಚಮ್ಮನಿಗೆ ಹೇಳಿದ. ಅವಳು ದಿನಾ ಅವನ ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿ ಕಳಿಸುತ್ತಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ಸಿಂಧಘಟ್ಟದ ಚಿಕ್ಕಸ್ವಾಮಿ ತನ್ನ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಅವನ ತಲೆಯಲ್ಲಿ ಬೆರಳಗಲ ಕೂದಲು ಬಂದಿತ್ತು. ಚಿಕ್ಕಬೋರಮ್ಮನಿಗೆ ಎಪ್ಪತ್ತು ದಾಟಿತ್ತು. ಒಳಗೆ ಬಾರದೆ ಹೊಸ್ತಿಲ ಆಚೆಯೇ ನಿಂತು ತಮ್ಮಯ್ಯನನ್ನು ಮೇಲಿಂದ ಕೆಳಗೆ ನೋಡಿದಳು.

"ಮಂಗಳ್ವಾರ ನನ್ ಮಗನ್ ತಲೆ ಬೋಳಿಸ್ದೋನು ನೀನೇಯೇನಪ್ಪಾ? ನಾನಿನ್ನೂ ಬದುಕಿವ್ನಿ."

"ತೆಪ್ಪಾಯ್ತು ಕಣವ್ವ," ಎಂದ ತಮ್ಮಯ್ಯ.

"ಆಗದೆ ಇನ್ನೇನು." ಅವಳು ಹೊಸ್ತಿಲ ಮೇಲೆ ಕೂತಳು. "ಟೀವೀಲಿ ನೋಡ್ದೆ. ಎಲ್ರೂ ನಗ್ತಾ ಕೂತಿದ್ರು. ನಂಗೆ ನಗು ಬರ್ನಿಲ್ಲ. ಯಾರೋ ಹೆತ್ ಮಕ್ಳ ಅರ್ಧಕ್ಕೇ ಬುಟ್ಬುಟ್ಟು ಮೂರ್ ಜನ ಓಡೋದ್ರು. ನೀನು ಓಡ್ನಿಲ್ಲ."

ಅವಳು ಬಂದದ್ದು ಅದಕ್ಕೇ. ಚಿಕ್ಕಸ್ವಾಮಿಯ ಮಗಳು ಸುನಿತಾಳ ಗಂಡುಮಗುವಿಗೆ ಹನ್ನೊಂದು ತಿಂಗಳು. ಮೊದಲ ಕೂದಲು ತೆಗೆಸಬೇಕು. ಆ ಮನೆಗೆ ನಡೆದುಕೊಳ್ಳುತ್ತಿದ್ದ ಹಳೆಯ ಕ್ಷೌರಿಕ ತೀರಿಹೋಗಿದ್ದ, ಅವನ ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. ಸೋಮವಾರ ಬರಬೇಕು ಎಂದಳು. ತಮ್ಮಯ್ಯನಿಗೆ ಮಗುವಿನ ತಲೆ ಕಣ್ಣೆದುರು ಬಂತು. ನೆತ್ತಿಯ ನಡುವೆ ಎಲುಬು ಇನ್ನೂ ಕೂಡದ, ಉಸಿರಾಡುವಂತೆ ಏಳುವ ಬೀಳುವ ಮೆತ್ತನೆಯ ಜಾಗ. ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಬರ್ತೀನಿ ಎಂದ.

ಆ ಸೋಮವಾರ ಬೆಳಿಗ್ಗೆ ಗಲ್ಲದ ಮೇಲೆ ಗೀರು ಬೀಳಲಿಲ್ಲ. ಮಂಚಮ್ಮ ಎರಡು ಸಲ ನೋಡಿದಳು. ಕತ್ತಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಸಿಂಧಘಟ್ಟದ ಮನೆಯ ಮುಂದೆ ಚಪ್ಪರ ಹಾಕಿದ್ದರು. ನೆಂಟರು ಐವತ್ತು ಜನ ಇರಬಹುದು. ಮಗುವಿನ ಸೋದರಮಾವ ಶಿವಶಂಕರ್, ಚಿಕ್ಕಸ್ವಾಮಿಯ ಮಗ, ಚಾಪೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ತಮ್ಮಯ್ಯನನ್ನು ಕಂಡದ್ದೇ ಚಪ್ಪರದಲ್ಲಿ ಗುಜುಗುಜು ಎದ್ದಿತು.

"ಟೀವಿ ತಮ್ಮಯ್ಯ ಬಂದ ಕಣ್ಲಾ," ಎಂದ ಯಾರೋ. ಶಿವಶಂಕರ್ ನಕ್ಕು, "ಎಲ್ಲಿ, ಒಂದ್ಸಲ ನಡುಗ್ಸಿ ತೋರ್ಸಿ ಆಮೇಲೆ ಶುರು ಮಾಡಣ್ಣ," ಎಂದ.

ತಮ್ಮಯ್ಯ ಮಗುವಿನ ಎದುರು ಕೂತ. ಬಟ್ಟೆ ಬಿಚ್ಚಿ ಕತ್ತಿ ತೆಗೆದ. ಆಗಲಿ ಎಂದುಬಿಟ್ಟರೆ ಇಲ್ಲಿಗೆ ಮುಗಿಯುತ್ತಿತ್ತು. ಒಂದು ಸಲ ನಡುಗಿಸಿ, ನಗಿಸಿ, ಕೆಲಸ ಮಾಡಿ, ಎಲೆ ಅಡಿಕೆ ತೆಗೆದುಕೊಂಡು ಸಂಜೆಯ ಬಸ್ಸು ಹತ್ತಬಹುದಿತ್ತು. ಅವನ ಎಡಗೈ ಆಗಲೇ ಮಗುವಿನ ತಲೆಯನ್ನು ಮುಟ್ಟಿ ದಾರಿ ನೋಡುತ್ತಿತ್ತು. ನೆತ್ತಿಯ ಮೆತ್ತನೆಯ ಜಾಗ ಬೆರಳ ತುದಿಗೆ ಮಿಡಿಯಿತು. ಅವನು ಎಡಗೈಯನ್ನು ಅಲ್ಲೇ ಬಿಟ್ಟು ಬಲಗೈಯನ್ನು, ಕತ್ತಿಯ ಸಮೇತ, ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ಹಿಡಿದ. ಅದು ನಡುಗಿತು. ಜನ ನಕ್ಕರು. ನಗು ಕಡಿಮೆಯಾಗುವ ತನಕ ಹಾಗೇ ಹಿಡಿದಿದ್ದ.

"ಇದು ಆಕ್ಟಿಂಗ್ ಅಲ್ಲ ಕಣ್ರಪ್ಪಾ," ಎಂದ. "ನನ್ ಕೈ ನಿಜ್ವಾಗ್ಲೂ ನಡುಗ್ತದೆ. ಸುಮ್ನಿದ್ರೆ ನಡುಗ್ತದೆ. ಕತ್ತಿ ತಲೆ ಮ್ಯಾಲೆ ಮಡಗಿದ್ರೆ ನಿಂತ್ಕೊತದೆ. ಇವತ್ತಿನ್ಗಂಟ ನಿಂತ್ಕೊಂಡದೆ. ಕೂಸಿನ್ ತಾಯಿ ಬ್ಯಾಡ ಅಂದ್ರೆ ನಾನು ಎದ್ದೋಯ್ತೀನಿ."

ಇದೂ ತಮಾಷೆಯೆಂದುಕೊಂಡು ಹಿಂದೆ ಒಬ್ಬಿಬ್ಬರು ನಕ್ಕರು. ಉಳಿದವರು ನಗದ್ದನ್ನು ಕಂಡು ಅವರೂ ನಿಲ್ಲಿಸಿದರು. ಶಿವಶಂಕರ್ ಮಗುವನ್ನು ಎದೆಗೆ ಒತ್ತಿಕೊಂಡ. ಈ ಮಾತು ಸಂಜೆಯ ಬಸ್ಸಿಗಿಂತ ಮೊದಲೇ ಪಾಂಡವಪುರ ಮುಟ್ಟುತ್ತದೆಂದು ತಮ್ಮಯ್ಯನಿಗೆ ತಿಳಿದಿತ್ತು. ಬೆಂಚಿನ ಮೇಲಿನ ಸಾಲು ಒಂದೊಂದಾಗಿ ಖಾಲಿಯಾಗುವುದು ಅವನಿಗೆ ಕೂತಲ್ಲೇ ಕಾಣುತ್ತಿತ್ತು. ಚಿಕ್ಕಬೋರಮ್ಮ ಮೊಮ್ಮಗಳ ಕಡೆ ನೋಡಿದಳು.

ಸುನಿತಾ ಆ ಕೈಯನ್ನೇ ನೋಡುತ್ತಿದ್ದಳು.

"ನಂಗೆ ಭಯ ಆಯ್ತದೆ," ಎಂದಳು. ತಮ್ಮನ ಕಡೆ ತಿರುಗಿದಳು. "ಲೇ ಶಿವ, ನಿನ್ ಕೈ ಕೊಡ್ಲಾ ಮೊದ್ಲು."

ಶಿವಶಂಕರ್ ಅಕ್ಕನ ಮುಖ ನೋಡಿದ. ಅವಳು ಮಗುವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ನಡುಗಿಸು ಎಂದು ಕೇಳಿದ ಹುಡುಗನಿಗೆ ಈಗ ಹಿಂದೆಗೆಯುವ ದಾರಿಯಿರಲಿಲ್ಲ. ಅಂಗಿಯ ತೋಳು ಮಡಚಿ ಮುಂಗೈ ಚಾಚಿದ. ಅದೂ ಸಣ್ಣಗೆ ನಡುಗುತ್ತಿತ್ತು. ತಮ್ಮಯ್ಯ ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದ. ಕತ್ತಿಯನ್ನು ತಂದು ಚರ್ಮಕ್ಕೆ ತಾಗಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಎಳೆತ. ಕಪ್ಪು ರೋಮದ ನಡುವೆ ಬೆರಳಗಲದ ನುಣ್ಣನೆಯ ಹಾದಿ ಬಿತ್ತು. ಸುನಿತಾ ಬಗ್ಗಿ ನೋಡಿದಳು. ಬೆರಳಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ರಕ್ತದ ಕಲೆಯಿರಲಿಲ್ಲ. ಮಗುವನ್ನು ಮತ್ತೆ ತಮ್ಮನ ತೊಡೆಯ ಮೇಲೆ ಕೂರಿಸಿ, ತಾನೂ ಕೆಳಗೆ ಕೂತು, ಅದರ ಎರಡು ಕೆನ್ನೆಗಳನ್ನು ಎರಡು ಅಂಗೈಯಲ್ಲಿ ಹಿಡಿದಳು. ತಮ್ಮಯ್ಯನಿಗೆ ತಲೆಯಾಡಿಸಿದಳು. ಕಣ್ಣು ಮುಚ್ಚಲಿಲ್ಲ.

ತಮ್ಮಯ್ಯ ಮಗುವಿನ ತಲೆಯನ್ನು ನೀರಿನಲ್ಲಿ ನೆನೆಸಿದ. ಕತ್ತಿ ಎತ್ತಿದ. ಮಗು ಅದನ್ನು ಕಂಡಿತು. ಮೂಗಿನ ಮುಂದೆ ಬಿಸಿಲಿಗೆ ಹೊಳೆಯುತ್ತ ಪಟಪಟ ಅಲ್ಲಾಡುವ ವಸ್ತು ಅದಕ್ಕೆ ಬಹಳ ಸೊಗಸೆನಿಸಿರಬೇಕು. ಎರಡು ಹಲ್ಲು ಕಾಣುವಂತೆ ನಗತೊಡಗಿತು. ನಕ್ಕು ನಕ್ಕು ತಲೆ ತಾಯಿಯ ಕೈಯಲ್ಲೇ ಕುಣಿಯಿತು. ಚಪ್ಪರದಲ್ಲಿ ಬೇರೆ ಯಾರೂ ನಗಲಿಲ್ಲ. ನಗು ನಿಲ್ಲದೆ ಕತ್ತಿ ಇಡುವ ಹಾಗಿರಲಿಲ್ಲ, ಆದ್ದರಿಂದ ತಮ್ಮಯ್ಯ ಕಾದ. ಕಾದಷ್ಟೂ ಕೈ ನಡುಗಿತು, ನಡುಗಿದಷ್ಟೂ ಮಗು ನಕ್ಕಿತು. ಅವನು ಕೈಯನ್ನು ಮುಚ್ಚಿಡಲು ಹೋಗಲಿಲ್ಲ. ಕೊನೆಗೆ ಮಗುವಿಗೇ ಸಾಕಾಗಿ, ಒಂದು ಉದ್ದದ ಉಸಿರು ಬಿಟ್ಟು, ತಾಯಿಯ ಬಳೆಯ ಕಡೆ ಕಣ್ಣು ಹೊರಳಿಸಿತು.

ಎಡಗೈ ನೆತ್ತಿಯಿಂದ ಬಲಕ್ಕೆ ಸರಿಯಿತು. ಕತ್ತಿ ಅದರ ಹಿಂದೆ ಬಂದು ತಲೆಯನ್ನು ಮುಟ್ಟಿ, ನಿಂತಿತು. ಆಮೇಲೆ ಮೆಲ್ಲಗೆ ಹೊರಟಿತು.